ಸೂಪರ್ ಮಾರಿಯೊ ಬ್ರದರ್ಸ್ ಟ್ಯಾಸ್: ಗ್ಲಿಚ್‌ಗಳನ್ನು ಫ್ರೇಮ್ ಲೆಕ್ಕದಲ್ಲಿ ಬಳಸುವ ಬಗೆ

1985ರ ವಿಡಿಯೊ ಗೇಮ್ ಸೂಪರ್ ಮಾರಿಯೊ ಬ್ರದರ್ಸ್‌ನ ಗ್ಲಿಚ್‌ಗಳ, ಅಂದರೆ ಕೋಡ್‌ನ ದೋಷಗಳಿಂದ ಹುಟ್ಟುವ ಚಮತ್ಕಾರಗಳ, ವಿಡಿಯೊಗಳು ಬೇಕಾದಷ್ಟಿವೆ. ನೋಡಿ ಕಲಿಯಲು ಹೊರಟವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಒಂದೇ ಕಡೆ. ಗ್ಲಿಚ್ ಮಾಡಲು ಬರುತ್ತದೆ, ಆದರೆ ಓಟದ (ಆದಷ್ಟು ಬೇಗ ಆಟ ಮುಗಿಸುವ ಯತ್ನದ) ಒಟ್ಟು ಸಮಯ ಒಂದು ಫ್ರೇಮ್ ಕೂಡ, ಅಂದರೆ ಪರದೆಯ ಒಂದು ಚಿತ್ರದಷ್ಟೂ, ಇಳಿಯುವುದಿಲ್ಲ. ಇದಕ್ಕೆ ಕಾರಣ ಪರದೆಯ ಮೇಲೆ ಕಾಣುವುದಿಲ್ಲ, ಕನ್ಸೋಲ್‌ನ ಮೆಮೊರಿಯಲ್ಲಿ ಕಾಣುತ್ತದೆ. ಟ್ಯಾಸ್ (ಟೂಲ್-ಅಸಿಸ್ಟೆಡ್ ಸ್ಪೀಡ್‌ರನ್) ಅಂದರೆ ಎಮ್ಯುಲೇಟರ್‌ನಲ್ಲಿ, ಎಂದರೆ ಕನ್ಸೋಲನ್ನು ಅನುಕರಿಸುವ ಕಂಪ್ಯೂಟರ್ ತಂತ್ರಾಂಶದಲ್ಲಿ, ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸುತ್ತ, ತಪ್ಪಿದಲ್ಲಿ ಹಿಂದಕ್ಕೆ ಬಂದು ತಿದ್ದುತ್ತ ಬರೆದ ಬಟನ್‌ಗಳ ಪಟ್ಟಿ. ಈ ಲೇಖನ ಅದನ್ನು ಮೆಮೊರಿಯ ಅಂಕಿಗಳನ್ನು ನೋಡಿಕೊಂಡು ಬರೆಯುವುದು ಹೇಗೆ ಎಂಬುದಕ್ಕೆ ಸೀಮಿತ. ಉದಾಹರಣೆಗಳೆಲ್ಲ ವಾರ್ಪ್ (ಲೋಕಗಳನ್ನು ಹಾರಿ ಮುಂದಕ್ಕೊಯ್ಯುವ ಪೈಪ್) ಬಳಸುವ ಓಟದವು: 1-1 (1ನೇ ಲೋಕದ 1ನೇ ಹಂತ), 1-2, 4-1, 4-2, ಆಮೇಲೆ 8ನೇ ಲೋಕದ ನಾಲ್ಕೂ ಹಂತಗಳು.

ಮೊದಲು ಸಲಕರಣೆ

ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನ ವಿಂಡೋಸ್ ಆವೃತ್ತಿ ಸಾಕು. ಅದರೊಳಗೇ ಟ್ಯಾಸ್ ಎಡಿಟರ್ ಇದೆ. ಪ್ರತಿ ಫ್ರೇಮ್‌ಗೂ ಒಂದು ಸಾಲು, ಪ್ರತಿ ಬಟನ್‌ಗೂ ಒಂದು ಕಂಬ. ಮೌಸ್‌ನಿಂದ ಕ್ಲಿಕ್ಕಿಸಿದರೆ ಬಟನ್ ಒತ್ತಿದಂತೆ. ಹಿಂದಿನ ಸಾಲನ್ನು ಬದಲಿಸಿದರೆ ಆಟ ಅಲ್ಲಿಂದ ತಾನೇ ಮತ್ತೆ ನಡೆಯುತ್ತದೆ. ಬಿಝ್‌ಹಾಕ್‌ನ ಟ್ಯಾಸ್‌ಸ್ಟುಡಿಯೊ ಕೂಡ ಇದೇ ಬಗೆಯದು, ಅಭ್ಯಾಸವಿದ್ದರೆ ಅದನ್ನೇ ಬಳಸಿ. ಎಡಿಟರ್ ಬೇಡವೆಂದರೆ ಎಫ್‌ಸಿಇಯುಎಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಕೀಲಿ ಒಂದೊಂದು ಫ್ರೇಮ್ ಸರಿಸುತ್ತದೆ. ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಎಡ-ಬಲ ಎರಡನ್ನೂ ಒಟ್ಟಿಗೆ ಒತ್ತಲು ಅನುಮತಿಸುವ ಆಯ್ಕೆಯನ್ನು ಆನ್ ಮಾಡಿ. ನಿಜವಾದ ಕಂಟ್ರೋಲರ್‌ನ ದಿಕ್ಕಿನ ಗುಂಡಿ ಅದಕ್ಕೆ ಬಿಡುವುದಿಲ್ಲ. ಕೈಯಾರೆ ಆಡುವ ಓಟಗಳಲ್ಲಿ ಅದು ನಿಷಿದ್ಧ, ಟ್ಯಾಸ್‌ನಲ್ಲಿ ಸಮ್ಮತ. ಕೈಯಿಂದ ಸಾಧ್ಯವಿರುವುದನ್ನಷ್ಟೇ ತೋರಿಸುವ ಟ್ಯಾಸ್ ನಿಮ್ಮ ಗುರಿಯಾದರೆ ಈ ಆಯ್ಕೆಯನ್ನು ಮುಟ್ಟಬೇಡಿ.

ರಾಮ್ (ROM) ಫೈಲ್, ಅಂದರೆ ಕಾರ್ಟ್ರಿಜ್‌ನಲ್ಲಿರುವ ಆಟದ ಪ್ರತಿ, ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ನ ಟಿವಿ ಪದ್ಧತಿ) ಆವೃತ್ತಿಯದೇ ಆಗಿರಬೇಕು: 32 ಕಿಲೋಬೈಟ್ ಪ್ರೋಗ್ರಾಂ, 8 ಕಿಲೋಬೈಟ್ ಚಿತ್ರಗಳು, ನಿಮ್ಮದೇ ಕಾರ್ಟ್ರಿಜ್‌ನಿಂದ ತೆಗೆದದ್ದು. ನಮ್ಮ ಕಡೆ ಎಷ್ಟೋ ಜನ ಈ ಆಟ ಆಡಿದ್ದು ನೂರಾರು ಆಟಗಳ ಹೆಸರು ಹೊತ್ತ ಕ್ಲೋನ್ ಕಾರ್ಟ್ರಿಜ್‌ಗಳಲ್ಲಿ. ಅವುಗಳಲ್ಲಿ ಕೋಡ್ ತಿದ್ದಿರುವುದು ಮಾಮೂಲು, ಈ ಕೆಲಸಕ್ಕೆ ಬರುವುದಿಲ್ಲ. ಯುರೋಪಿನ ಪಾಲ್ ಆವೃತ್ತಿಯೂ ಬೇಡ. 50 ಹರ್ಟ್ಜ್‌ಗೆ ಹೊಂದಿಸಲು ಅದರಲ್ಲಿ ವೇಗಗಳನ್ನೇ ಬದಲಿಸಿದ್ದಾರೆ, ಇಲ್ಲಿನ ಒಂದು ಅಂಕಿಯೂ ಅದಕ್ಕೆ ಹೊಂದುವುದಿಲ್ಲ. ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 60.0988 ಫ್ರೇಮ್.

ಮುಂದೆ ರ‍್ಯಾಮ್ ವಾಚ್ (ಮೆಮೊರಿಯ ಅಂಕಿಗಳನ್ನು ತೋರಿಸುವ ಕಿಟಕಿ) ತೆರೆದು ಈ ವಿಳಾಸಗಳನ್ನು ಸೇರಿಸಿ. ವಿಳಾಸಗಳೆಲ್ಲ ಹೆಕ್ಸಾಡೆಸಿಮಲ್ (16ರ ಆಧಾರದ ಅಂಕಿ), ಪ್ರತಿಯೊಂದೂ ಒಂದು ಬೈಟ್; ಉಳಿದ ಅಂಕಿಗಳು ಸಾಮಾನ್ಯ ದಶಮಾನದವು:

0086 – ಹಂತದೊಳಗೆ ಮಾರಿಯೊನ ಅಡ್ಡ ಸ್ಥಾನ, ಪಿಕ್ಸೆಲ್‌ನಲ್ಲಿ (256 ಆದೊಡನೆ 006ಡಿ ಒಂದು ಏರುತ್ತದೆ)
0400 – ಅಡ್ಡ ಸ್ಥಾನದ ಸಬ್‌ಪಿಕ್ಸೆಲ್ (ಒಂದು ಪಿಕ್ಸೆಲ್‌ಗಿಂತ ಚಿಕ್ಕ ಭಾಗ)
0057 – ಅಡ್ಡ ವೇಗ, ಚಿಹ್ನೆ ಸಹಿತ
00ಸಿಇ – ಎತ್ತರದ ಸ್ಥಾನ. ಕೆಳಗೆ ಹೋದಂತೆ ಹೆಚ್ಚುತ್ತದೆ
009ಎಫ್ – ಲಂಬ ವೇಗ, ಚಿಹ್ನೆ ಸಹಿತ, ಏರುವಾಗ ಋಣ
001ಡಿ – ಸ್ಥಿತಿ: 0 ನೆಲ, 1 ಜಿಗಿತ, 2 ಬೀಳುವಿಕೆ, 3 ಕಂಬ ಅಥವಾ ಬಳ್ಳಿ
03ಎಡಿ – ಪರದೆಯ ಮೇಲಿನ ಅಡ್ಡ ಸ್ಥಾನ
0785 – ಬದಿ ಡಿಕ್ಕಿಯ ಟೈಮರ್
0750 – ಪೈಪ್ ಅಥವಾ ಬಳ್ಳಿ ಕರೆದೊಯ್ಯುವ ಜಾಗದ ಸೂಚಕ
077ಎಫ್ – 21 ಫ್ರೇಮ್‌ಗಳ ಎಣಿಕೆ

21 ಫ್ರೇಮ್‌ಗಳ ನಿಯಮ

077ಎಫ್ ಅನ್ನು ನೋಡುತ್ತ ಫ್ರೇಮ್ ಸರಿಸಿ. ಅದು 20ರಿಂದ 0ವರೆಗೆ ಇಳಿದು ಮತ್ತೆ 20ಕ್ಕೆ ಹಾರುತ್ತದೆ. ಆಟದ ಉದ್ದನೆಯ ಟೈಮರ್‌ಗಳು ಆ ಹಾರುವ ಫ್ರೇಮ್‌ನಲ್ಲಿ ಮಾತ್ರ ಒಂದು ಇಳಿಯುತ್ತವೆ. ಹಂತ ಮುಗಿದ ಮೇಲಿನ ಕಾಯುವಿಕೆ, ಮುಂದಿನ ಹಂತದ ಹೆಸರು ತೋರಿಸುವ ಕಪ್ಪು ಪರದೆ, ಎರಡೂ ಇಂಥ ಟೈಮರ್‌ಗಳ ಮೇಲೆ ನಿಂತಿವೆ. ಆದ್ದರಿಂದ ನೀವು ಹಂತವನ್ನು 1 ಫ್ರೇಮ್ ಬೇಗ ಮುಗಿಸಿದರೂ 20 ಫ್ರೇಮ್ ಬೇಗ ಮುಗಿಸಿದರೂ, ಅದೇ 21ರ ಗುಂಪಿನೊಳಗೆ ಉಳಿದರೆ ಮುಂದಿನ ಹಂತ ಶುರುವಾಗುವುದು ಅದೇ ಫ್ರೇಮ್‌ನಲ್ಲಿ.

ಇದರಿಂದ ಕೆಲಸದ ಕ್ರಮವೇ ತಲೆಕೆಳಗಾಗುತ್ತದೆ. ಯಾವುದೇ ಗ್ಲಿಚ್‌ಗೆ ಕೈ ಹಾಕುವ ಮೊದಲು ಹಂತವನ್ನು ಗ್ಲಿಚ್ ಇಲ್ಲದೆ, ಆದಷ್ಟು ಚೊಕ್ಕಟವಾಗಿ ಒಮ್ಮೆ ಓಡಿಸಿ. ಮುಂದಿನ ಹಂತದ ಕಪ್ಪು ಪರದೆ ಬಂದ ಫ್ರೇಮ್ ಸಂಖ್ಯೆ ಬರೆದಿಡಿ. ಬಳಿಕ ಹಂತದ ಕೊನೆಗೆ ಬಂದು, ಬೇಕೆಂದೇ ಒಂದೊಂದು ಫ್ರೇಮ್ ತಡಮಾಡುತ್ತ ಹೋಗಿ. ಎಷ್ಟನೇ ಫ್ರೇಮ್‌ಗೆ ಕಪ್ಪು ಪರದೆ 21 ಫ್ರೇಮ್ ಹಿಂದೆ ಬೀಳುತ್ತದೋ ಅದರಿಂದ ನಿಮ್ಮ ಕೈಯಲ್ಲಿರುವ ಬಿಡುವು ತಿಳಿಯುತ್ತದೆ. 6 ಫ್ರೇಮ್ ತಡವಾದರೂ ಪರದೆ ಅಲ್ಲೇ ಇದ್ದು, 7ನೆಯದಕ್ಕೆ ಹಿಂದೆ ಬಿದ್ದರೆ ನಿಮಗಿರುವುದು 6 ಫ್ರೇಮ್ ಬಿಡುವು. ಅಂದರೆ ಮುಂದಿನ ಗುಂಪಿಗೆ ಹತ್ತಲು ಇನ್ನೂ 15 ಫ್ರೇಮ್ ಉಳಿಸಬೇಕು. ಆ 15 ಎಲ್ಲಿಂದಲೂ ಬರುವ ಸೂಚನೆ ಇಲ್ಲದಿದ್ದರೆ ಆ ಹಂತದಲ್ಲಿ ಗ್ಲಿಚ್‌ಗಾಗಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ; ಮುಂದಿನದಕ್ಕೆ ಹೋಗಿ.

8-4ಕ್ಕೆ ಈ ನಿಯಮ ಇಲ್ಲ. ಅದು ಆಟದ ಕೊನೆಯ ಹಂತ; ಅಲ್ಲಿ ಸೇತುವೆಯ ತುದಿಯ ಕೊಡಲಿ ಮುಟ್ಟಿದೊಡನೆ ಓಟ ಮುಗಿಯುವುದರಿಂದ ಉಳಿಸಿದ ಪ್ರತಿ ಫ್ರೇಮೂ ಲಾಭವೇ. ಹೊಸಬರು 1-1ರಲ್ಲಿ ವಾರಗಟ್ಟಲೆ ಕೂರುವ ಬದಲು ಇಲ್ಲಿಂದ ಆರಂಭಿಸುವುದು ಲೇಸು.

ಬಾವುಟದ ಕಂಬದಲ್ಲಿ ಮುಗಿಯುವ ಹಂತಗಳಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಗಡಿಯಾರದ ಕೊನೆಯ ಅಂಕಿ 1, 3 ಅಥವಾ 6 ಆಗಿರುವಾಗ ಕಂಬ ಮುಟ್ಟಿದರೆ ಪಟಾಕಿ ಹಾರುತ್ತದೆ, ಸಮಯ ಹೋಗುತ್ತದೆ. ಆಟದ ಗಡಿಯಾರದ ಒಂದು ಅಂಕಿಗೆ 24 ಫ್ರೇಮ್. ಬೇಗ ಮುಟ್ಟಿದ್ದಕ್ಕೇ ಪಟಾಕಿ ಸಿಕ್ಕಿತೆಂದರೆ ಉಳಿಸಿದ್ದೆಲ್ಲ ಹೊಗೆ.

ಏಳು ಬಿಂದುಗಳು

ಮಾರಿಯೊನ ದೇಹ ಇಟ್ಟಿಗೆಗೆ ತಾಗಿದೆಯೇ ಎಂದು ಆಟ ಇಡೀ ಚಿತ್ರವನ್ನು ನೋಡಿ ನಿರ್ಧರಿಸುವುದಿಲ್ಲ. ಏಳು ಬಿಂದುಗಳನ್ನಷ್ಟೇ ನೋಡುತ್ತದೆ: ತಲೆಗೆ ಒಂದು, ಪಾದಕ್ಕೆ ಎರಡು, ಎಡಬದಿಗೆ ಎರಡು, ಬಲಬದಿಗೆ ಎರಡು. ಪುಟ್ಟ ಮಾರಿಯೊಗೆ ಬದಿಯ ಎರಡೂ ಬಿಂದುಗಳು ಒಂದೇ ಎತ್ತರದಲ್ಲಿ ಬೀಳುವುದರಿಂದ ನಿಜಕ್ಕೂ ಇರುವುದು ಇನ್ನೂ ಕಡಿಮೆ. ಈ ಆಟದ ಗೋಡೆ ಸಂಬಂಧಿ ಗ್ಲಿಚ್‌ಗಳೆಲ್ಲ ಈ ಬಿಂದುಗಳ ನಡುವಿನ ಖಾಲಿ ಜಾಗದಿಂದ ಹುಟ್ಟಿದವು.

ಅಡ್ಡದ ಅಳತೆ ಹೀಗಿದೆ. ಮಾರಿಯೊನ ಸ್ಥಾನಕ್ಕೆ 3 ಕೂಡಿದರೆ ಎಡಪಾದ, 12 ಕೂಡಿದರೆ ಬಲಪಾದ. 2 ಕೂಡಿದರೆ ಎಡಬದಿ, 13 ಕೂಡಿದರೆ ಬಲಬದಿ. ತಲೆಯ ಬಿಂದು ನಟ್ಟನಡುವೆ, 8ರಲ್ಲಿ. ಪಾದ ಯಾವಾಗಲೂ ಎತ್ತರದ ಸ್ಥಾನಕ್ಕಿಂತ 32 ಕೆಳಗೆ.

ಪರೀಕ್ಷೆಯ ಕ್ರಮವೂ ಮುಖ್ಯ: ಮೊದಲು ತಲೆ, ಆಮೇಲೆ ಪಾದ, ಕೊನೆಗೆ ಬದಿಗಳು. ಮಾರಿಯೊ ಏರುತ್ತಿದ್ದರೆ, ಅಂದರೆ 009ಎಫ್ ಋಣವಾಗಿದ್ದರೆ, ಪಾದದ ಪರೀಕ್ಷೆಯೇ ನಡೆಯುವುದಿಲ್ಲ. ಇಳಿಯುತ್ತಿದ್ದರೆ ಪಾದ ಇಟ್ಟಿಗೆಯ ಮೇಲಿನ 5 ಪಿಕ್ಸೆಲ್‌ಗಳೊಳಗೆ ಇರುವಾಗ ಆತನನ್ನು ಅದರ ಮೇಲೆ ನಿಲ್ಲಿಸುತ್ತದೆ. ಇನ್ನೂ ಆಳದಲ್ಲಿದ್ದರೆ ಗೋಡೆ ಎಂದುಕೊಂಡು ಪಕ್ಕಕ್ಕೆ ತಳ್ಳುತ್ತದೆ. ತಳ್ಳುವುದು ಫ್ರೇಮಿಗೆ 1 ಪಿಕ್ಸೆಲ್. ಅದರ ಜೊತೆಗೆ ವೇಗ ಸೊನ್ನೆಯಾಗುತ್ತದೆ, 0785ರಲ್ಲಿ 16 ಬಂದು ಕೂರುತ್ತದೆ. ಕೊನೆಯದಾಗಿ, ಬಲಬದಿ ಗೋಡೆಯಲ್ಲಿದ್ದರೂ ಮಾರಿಯೊನ ವೇಗ ಎಡಕ್ಕಿದ್ದರೆ ಆಟ ಏನೂ ಮಾಡುವುದಿಲ್ಲ, ಹೇಗೂ ಹೊರಗೆ ಹೋಗುತ್ತಿದ್ದಾನೆ ಎಂಬ ಲೆಕ್ಕ. ಎಡಬದಿಗೂ ಹಾಗೆಯೇ: ವೇಗ ಬಲಕ್ಕಿದ್ದರೆ ತಡೆ ಇಲ್ಲ.

ಗೋಡೆ ಜಿಗಿತ

ಬೀಳುತ್ತಿರುವ ಮಾರಿಯೊನ ಬಲಪಾದ ಗೋಡೆಯೊಳಗೆ ಹೋಗಬೇಕು, ಅದೇ ಫ್ರೇಮ್‌ನಲ್ಲಿ ಪಾದ ಇಟ್ಟಿಗೆಯ ಮೇಲಂಚಿನಲ್ಲಿರಬೇಕು. ಆಗ ಆಟ ಆತ ನೆಲದಲ್ಲಿ ನಿಂತಿದ್ದಾನೆ ಎಂದುಕೊಳ್ಳುತ್ತದೆ, ಮುಂದಿನ ಫ್ರೇಮ್‌ನಲ್ಲಿ ಜಿಗಿಯಲು ಬಿಡುತ್ತದೆ. 8-4ರಲ್ಲಿ ಎತ್ತರದಲ್ಲಿರುವ ಪೈಪ್ ಹತ್ತಲು ಅಡಗಿರುವ ಇಟ್ಟಿಗೆಯ ಬದಲು ಬಳಸುವುದು ಇದನ್ನೇ.

ತೊಂದರೆ ಏನೆಂದರೆ ಬದಿಯ ಬಿಂದು ಪಾದಕ್ಕಿಂತ 1 ಪಿಕ್ಸೆಲ್ ಮುಂದಿದೆ. ಗೋಡೆಗೆ ಒತ್ತಿಕೊಂಡು ನಿಂತರೆ 0086ನ್ನು 16ರಿಂದ ಭಾಗಿಸಿದಾಗ ಉಳಿಯುವ ಶೇಷ 2. ಅದು 3 ಆದರೆ ಬದಿ ಮಾತ್ರ ತಾಗುತ್ತದೆ, ಮಾರಿಯೊ ಹೊರಬೀಳುತ್ತಾನೆ. 4 ಅಥವಾ ಹೆಚ್ಚಾದರೆ ಪಾದವೂ ಒಳಗೆ. ಬದಿಗೆ ಸಿಕ್ಕದೆ ಒಂದೇ ಫ್ರೇಮ್‌ನಲ್ಲಿ 4ಕ್ಕೆ ತಲುಪಬೇಕು. ಓಟದ ಪೂರ್ಣ ವೇಗ 40, ಅಂದರೆ ಫ್ರೇಮಿಗೆ 2.5 ಪಿಕ್ಸೆಲ್, ಸಬ್‌ಪಿಕ್ಸೆಲ್ ನೋಡಿಕೊಂಡು ಒಮ್ಮೆ 2, ಒಮ್ಮೆ 3 ಸರಿಯುತ್ತಾನೆ. ಹಾಗಾಗಿ ಹಿಂದಿನ ಫ್ರೇಮ್‌ನಲ್ಲಿ ಶೇಷ 2 ಇದ್ದರೆ ಯಾವಾಗಲೂ ಸರಿ. 1 ಇದ್ದರೆ ಮುಂದಿನ ಸರಿತ 3 ಪಿಕ್ಸೆಲ್‌ನದಾಗಿರಬೇಕು. 0 ಇದ್ದರೆ ಆಗದು. ಬರೀ ನಡಿಗೆಯ ವೇಗದಲ್ಲಿ (24, ಫ್ರೇಮಿಗೆ 1.5 ಪಿಕ್ಸೆಲ್) ಶೇಷ 2ರಿಂದ 2 ಪಿಕ್ಸೆಲ್ ಸರಿದರಷ್ಟೇ ಸಾಧ್ಯ.

ಮಾಡುವ ಕ್ರಮ:

1. ಗೋಡೆಗೆ ತಾಗುವ ಹಿಂದಿನ ಫ್ರೇಮ್‌ನಲ್ಲಿ ನಿಲ್ಲಿಸಿ, 0086ರ ಶೇಷ ನೋಡಿ. 0 ಬಂದರೆ ಅಥವಾ 1 ಬಂದು ಸರಿತ 2 ಆದರೆ, ಹಿಂದೆ ಎಲ್ಲಾದರೂ ಒಂದು ಫ್ರೇಮ್ ಬಲ ಬಟನ್ ಬಿಟ್ಟು ಸಬ್‌ಪಿಕ್ಸೆಲ್ ಕದಲಿಸಿ.

2. ಗೋಡೆಯೊಳಗೆ ಹೊಕ್ಕ ಫ್ರೇಮ್‌ನಲ್ಲಿ 00ಸಿಇಯ ಶೇಷ 0ರಿಂದ 4ರೊಳಗೆ, 009ಎಫ್ ಸೊನ್ನೆ ಅಥವಾ ಧನ. ಹೊಂದದಿದ್ದರೆ ಜಿಗಿತ ಶುರುವಾದ ಫ್ರೇಮ್ ಬದಲಿಸಿ, ಇಲ್ಲವೇ ಎ ಬಟನ್ ಹಿಡಿದ ಅವಧಿ ಹೆಚ್ಚು ಕಡಿಮೆ ಮಾಡಿ.

3. ಆ ಫ್ರೇಮ್‌ನಲ್ಲಿ 001ಡಿ 0 ಆಗಬೇಕು. ಆಗದಿದ್ದರೆ ಮೇಲಿನ ಎರಡರಲ್ಲಿ ಒಂದು ತಪ್ಪಿದೆ, ಮುಂದೆ ಹೋಗಬೇಡಿ.

4. ಮುಂದಿನ ಫ್ರೇಮ್‌ನಲ್ಲೇ ಎ ಒತ್ತಿ. ಹಿಂದಿನ ಫ್ರೇಮ್‌ನಲ್ಲಿ ಎ ಒತ್ತಿರಲೇಬಾರದು. ಹಿಡಿದುಕೊಂಡೇ ಬಂದ ಎ ಅನ್ನು ಆಟ ಹೊಸ ಜಿಗಿತವೆಂದು ಒಪ್ಪುವುದಿಲ್ಲ. ಎಲ್ಲ ಅಂಕಿ ಸರಿಯಿದ್ದೂ ಜಿಗಿತ ಬರಲಿಲ್ಲವೆಂದು ಪರದಾಡುವವರ ತಪ್ಪು ಬಹುಪಾಲು ಇಲ್ಲೇ.

ಜಿಗಿದಾಗ ಅಡ್ಡ ವೇಗ ಸೊನ್ನೆ ಇರುತ್ತದೆ, ಏಕೆಂದರೆ ನಿಲ್ಲಿಸಿದ ಫ್ರೇಮ್‌ನಲ್ಲೇ ಬದಿಯ ಪರೀಕ್ಷೆಯೂ ನಡೆದು ಹೊರಕ್ಕೆ ತಳ್ಳಿರುತ್ತದೆ. ಎತ್ತರವೂ ನಿಂತು ಜಿಗಿದಷ್ಟೇ.

ಮುಖ ಎಡಕ್ಕೆ, ಓಟ ಬಲಕ್ಕೆ

ಇದು ಗ್ಲಿಚ್ ಅನ್ನಿಸದಷ್ಟು ಚಿಕ್ಕದು, ಆದರೆ ಎಲ್ಲ ಕಡೆ ಬೇಕಾಗುತ್ತದೆ. ಮಾರಿಯೊನ ಮುಖದ ದಿಕ್ಕು ಮತ್ತು ಚಲಿಸುವ ದಿಕ್ಕು ಬೇರೆಯಾಗಿದ್ದರೆ ಆಟ ವೇಗ ಬದಲಾಗುವ ಪ್ರಮಾಣವನ್ನು ಇಮ್ಮಡಿಗೊಳಿಸುತ್ತದೆ, ಓಡುವವ ತಟ್ಟನೆ ತಿರುಗಿದಾಗ ಬೇಗ ನಿಲ್ಲಲಿ ಎಂದು ಇಟ್ಟ ನಿಯಮ. ಗಾಳಿಯಲ್ಲಿರುವಾಗ ಮುಖದ ದಿಕ್ಕು ಬದಲಾಗುವುದಿಲ್ಲ. ಎರಡನ್ನೂ ಸೇರಿಸಿ: ನಿಂತಲ್ಲಿ ಎಡ ಒತ್ತಿ ಮುಖ ತಿರುಗಿಸಿ, ಜಿಗಿಯಿರಿ, ಗಾಳಿಯಲ್ಲಿ ಬಲ ಹಿಡಿಯಿರಿ. ಬಲಕ್ಕೆ ಸರಿಯತೊಡಗಿದೊಡನೆ ವೇಗ ದುಪ್ಪಟ್ಟು ಚುರುಕಾಗಿ ಏರುತ್ತದೆ. ಹಂತದ ಆರಂಭದಲ್ಲಿ, ಪೈಪ್‌ನಿಂದ ಹೊರಬಂದಾಗ, ಗೋಡೆಗೆ ಬಡಿದು ವೇಗ ಸತ್ತಾಗ ಮೂರೂ ಕಡೆ ಬಳಸಿ. ಎಡ ಒತ್ತುವುದು ಒಂದು ಫ್ರೇಮ್‌ಗಿಂತ ಹೆಚ್ಚಾದರೆ ಹಿಂದಕ್ಕೆ ಸರಿದ ದೂರವೇ ಲಾಭವನ್ನು ತಿನ್ನುತ್ತದೆ. ಎರಡೂ ಬಗೆ ಮಾಡಿ, 40 ಮುಟ್ಟಿದ ಫ್ರೇಮ್‌ನಲ್ಲಿ 0086 ಎಷ್ಟಿದೆ ಎಂದು ಹೋಲಿಸಿ.

4-2ರ ತಪ್ಪು ವಾರ್ಪ್

4-2ರಲ್ಲಿ 8ನೇ ಲೋಕಕ್ಕೆ ಹೋಗಲು ಸಾಧಾರಣ ದಾರಿ ಬಳ್ಳಿ ಹತ್ತುವುದು. ಬಳ್ಳಿ ಬೆಳೆಯುವುದನ್ನು ಕಾಯಬೇಕು, ನಿಧಾನ. ಅದರ ಮುಂದಿರುವ ಪೈಪ್‌ನೊಳಗೆ ಇಳಿದರೆ ನಾಣ್ಯಗಳ ಕೋಣೆ. ಆದರೆ ಆಟದಲ್ಲಿ ಇವೆರಡಕ್ಕೂ ಬೇರೆ ಬೇರೆ ಗುರಿಗಳಿಲ್ಲ. 0750 ಎಂಬ ಒಂದೇ ಬೈಟ್ ಇದೆ. ಪರದೆ ಒಂದು ಜಾಗದವರೆಗೆ ಸರಿದಾಗ ಅದು ‘ಬಳ್ಳಿಯ ಗುರಿ’ ಆಗುತ್ತದೆ, ಇನ್ನಷ್ಟು ಸರಿದಾಗ ‘ಪೈಪ್‌ನ ಗುರಿ’ ಆಗುತ್ತದೆ. ಪರದೆ ಸರಿಯುವುದಕ್ಕೆ ಮೊದಲೇ ಮಾರಿಯೊ ಪೈಪ್‌ಗೆ ಇಳಿದರೆ ಪೈಪ್ ಬಳ್ಳಿಯ ಗುರಿಗೇ ಕಳಿಸುತ್ತದೆ.

ಹಾಗಾದರೆ ಮಾರಿಯೊ ಪರದೆಯ ಮೇಲೆ ಎಂದಿಗಿಂತ ಹೆಚ್ಚು ಬಲಕ್ಕಿರಬೇಕು. ಸಾಮಾನ್ಯ ಓಟದಲ್ಲಿ 03ಎಡಿ 112ರಲ್ಲಿ ನಿಲ್ಲುತ್ತದೆ. 80ರಿಂದ 112ರ ನಡುವೆ ಇರುವಾಗ ಪರದೆ ಮಾರಿಯೊಗಿಂತ 1 ಪಿಕ್ಸೆಲ್ ಕಡಿಮೆ ಸರಿಯುವುದರಿಂದ ಆತ ನಿಧಾನವಾಗಿ 112ಕ್ಕೆ ತೇಲುತ್ತಾನೆ. 112 ಮುಟ್ಟಿದ ಮೇಲೆ ಎರಡೂ ಸಮಸಮ. ಇದನ್ನು ಮುರಿಯುವ ಕೀಲಿ 0785. ಅದು ಸೊನ್ನೆ ಅಲ್ಲದಿರುವವರೆಗೆ ಪರದೆ ಸರಿಯುವುದೇ ಇಲ್ಲ. ಅಂದರೆ ಗೋಡೆಗೋ ಇಟ್ಟಿಗೆಯ ಬದಿಗೋ ಒಮ್ಮೆ ಬಡಿದರೆ 16 ಫ್ರೇಮ್‌ಗಳ ಕಾಲ ಪರದೆ ನಿಂತಿರುತ್ತದೆ, ಅಷ್ಟರಲ್ಲಿ ಮಾರಿಯೊ ಮುಂದೆ ಹೋದದ್ದೆಲ್ಲ ಗಳಿಕೆ. 112 ದಾಟಿದ ಗಳಿಕೆ ತಾನಾಗಿ ಕರಗುವುದಿಲ್ಲ, ಪೈಪ್‌ವರೆಗೂ ಉಳಿಯುತ್ತದೆ.

ಬಡಿದಾಗ ವೇಗ ಸೊನ್ನೆಯಾಗುತ್ತದೆ ಎಂಬುದೇ ಬೆಲೆ. ಆದ್ದರಿಂದ ಬಡಿಯುವ ಮೊದಲೇ ಮುಖ ಎಡಕ್ಕೆ ಮಾಡಿಕೊಂಡು ಗಾಳಿಯಲ್ಲಿರಿ. ಬಡಿದ ಮೇಲೆ ಇಮ್ಮಡಿ ವೇಗವರ್ಧನೆ 16 ಫ್ರೇಮ್‌ಗಳಲ್ಲಿ ಹೆಚ್ಚು ಪಿಕ್ಸೆಲ್ ಕೊಡುತ್ತದೆ. ಬಡಿಯುವ ಜಾಗವೂ ಹಾಗೆಯೇ ಇರಬೇಕು: ಇಟ್ಟಿಗೆಯ ಕೆಳ ಅಥವಾ ಮೇಲಿನ ಅಂಚಿನ ಹತ್ತಿರ ತಾಗಿದರೆ ಒಂದೆರಡು ಫ್ರೇಮ್‌ನಲ್ಲಿ ತಪ್ಪಿಸಿಕೊಂಡು ಮುಂದೆ ಹೋಗಬಹುದು, ನಡುವೆ ಬಡಿದರೆ ಅಲ್ಲೇ ಸಿಕ್ಕಿಕೊಂಡು 16ನ್ನೂ ಕಳೆಯುತ್ತೀರಿ. ಒಂದು ಡಿಕ್ಕಿಯ ಗಳಿಕೆ ಸಾಲದಿದ್ದರೆ ಇನ್ನೊಂದು ಹುಡುಕಿ.

ಪರೀಕ್ಷೆ ಸುಲಭ. ಬಳ್ಳಿಯ ಜಾಗ ದಾಟಿದ ಮೇಲೆ 0750ರ ಬೆಲೆ ಬರೆದಿಡಿ. ಪೈಪ್‌ನೊಳಗೆ ಇಳಿಯಲು ಕೆಳಬಟನ್ ಒತ್ತುವ ಫ್ರೇಮ್‌ವರೆಗೆ ಅದು ಬದಲಾಗದಿದ್ದರೆ ಕೆಲಸವಾಯಿತು. ಬದಲಾಯಿತೆಂದರೆ, ಎಷ್ಟು ಪಿಕ್ಸೆಲ್ ಮೊದಲು ಬದಲಾಯಿತು ಎಂದು ನೋಡಿ; ಅಷ್ಟೇ ನಿಮಗೆ ಕಮ್ಮಿಯಾದದ್ದು. ಅಗತ್ಯಕ್ಕಿಂತ ಹೆಚ್ಚು ಗಳಿಸುವುದರಿಂದ ಪ್ರಯೋಜನವಿಲ್ಲ, ಪ್ರತಿ ಡಿಕ್ಕಿಗೂ ಫ್ರೇಮ್ ಖರ್ಚಾಗುತ್ತದೆ.

ಗೋಡೆಯೊಳಗಿಂದ ದಾಟುವುದು

1-2ರ ಕೊನೆಯ ಗೋಡೆ ಅಭ್ಯಾಸಕ್ಕೆ ಒಳ್ಳೆಯದು. ಹೊರಹೋಗುವ ಪೈಪ್‌ನ ಮೇಲೆ ನಿಂತು, ಎಡಕ್ಕೆ ಮುಖ ಮಾಡಿ ಜಿಗಿದು, ದೇಹವನ್ನು ಇಟ್ಟಿಗೆಯೊಳಗೆ ತೂರಿಸುತ್ತಾರೆ. ಏಳು ಬಿಂದುಗಳ ನಿಯಮದಿಂದ ಓದಿದರೆ ಇದರ ಗುಟ್ಟು ಸರಳ: ಎಡಬದಿ, ಬಲಬದಿ ಎರಡೂ ಗೋಡೆಯಲ್ಲಿದ್ದಾಗ ಆಟ ಮೊದಲು ಎಡಬದಿಯನ್ನು ನೋಡುತ್ತದೆ. ವೇಗ ಸೊನ್ನೆ ಅಥವಾ ಎಡಕ್ಕಿದ್ದರೆ ಬಲಕ್ಕೆ 1 ಪಿಕ್ಸೆಲ್ ತಳ್ಳಿ ಅಲ್ಲಿಗೆ ಪರೀಕ್ಷೆ ನಿಲ್ಲಿಸುತ್ತದೆ. ಮುಂದಿನ ಫ್ರೇಮ್‌ನಲ್ಲೂ ಅದೇ. ಹೀಗೆ ಗೋಡೆ ಮುಗಿಯುವವರೆಗೆ ಆಟವೇ ಮಾರಿಯೊನನ್ನು ಆಚೆ ದಾಟಿಸುತ್ತದೆ. ಕಷ್ಟವಿರುವುದು ಎಡಬದಿಯನ್ನು ಒಳಗೆ ತರುವುದರಲ್ಲಿ. ತಲೆಯ ಬಿಂದು ಒಂದೇ, ನಡುವಿನಲ್ಲಿ. ಅದಕ್ಕೇ ಇಟ್ಟಿಗೆಯ ಮೂಲೆಯ ಪಕ್ಕ ಏರುವಾಗ ದೇಹದ ಅರ್ಧ ಭಾಗ ಯಾರಿಗೂ ಕಾಣದೆ ಒಳಹೋಗುತ್ತದೆ.

ಆಚೆ ವಾರ್ಪ್ ವಲಯದ ಬರಹ ಬರುವ ಮೊದಲೇ ಮೊದಲ ಪೈಪ್‌ಗೆ ಇಳಿದರೆ ಪ್ರಸಿದ್ಧ ‘ಮೈನಸ್ ಲೋಕ’. ಅಲ್ಲಿನ ಮೂರು ಪೈಪ್‌ಗಳು ಒಯ್ಯುವ ಲೋಕಗಳ ಸಂಖ್ಯೆ ಇನ್ನೂ ತುಂಬದೆ ಇರುವುದರಿಂದ ಆಟ 4-2ರ ಸಾಲನ್ನು ಓದುತ್ತದೆ. ಅದರಲ್ಲಿ ಎರಡು ತುದಿಗೂ 36, ನಡುವೆ 5. 36ನೇ ಚಿತ್ರ ಖಾಲಿ ಚೌಕ, ಹಾಗಾಗಿ ಹೆಸರು ‘-1’ ಎಂದು ಕಾಣುತ್ತದೆ. ಆ ಈಜುವ ಹಂತ ಮುಗಿದರೆ ಮತ್ತೆ ಅದೇ ಹಂತ. ವೇಗದ ಓಟಕ್ಕೆ ಇದು ಉಪಯೋಗಕ್ಕೆ ಬಾರದು.

ಬಾವುಟದ ಕಂಬ

ಕಂಬ ಹಿಡಿದಾಗ ಬಾವುಟ ಕೆಳಗೆ ಇಳಿಯುವವರೆಗೆ ಆಟ ಕಾಯುತ್ತದೆ. ಕಾಯುವಿಕೆ ಮುಗಿಯಲು ಎರಡು ದಾರಿ: ಬಾವುಟ ತಳ ಮುಟ್ಟಬೇಕು, ಇಲ್ಲವೇ 00ಸಿಇ 162 ಅಥವಾ ಹೆಚ್ಚಿರಬೇಕು. ಕಂಬದ ಬುಡದ ಇಟ್ಟಿಗೆಯ ಮೇಲೆ ನಿಂತ ಮಾರಿಯೊನ ಸ್ಥಾನ 160, ಆದ್ದರಿಂದ ಸಹಜವಾಗಿ ಎರಡನೆಯದು ಎಂದೂ ಆಗದು. ಬುಡದ ಇಟ್ಟಿಗೆಯೊಳಗೆ ಕೊಂಚ ಮುಳುಗಿದ ಸ್ಥಿತಿಯಲ್ಲೇ ಕಂಬ ಹಿಡಿದರೆ ಬಾವುಟದ ಕಾಯುವಿಕೆ ಪೂರ್ತಿ ಮಾಯ. 1-1 ಮತ್ತು 8-3ರಲ್ಲಿ ಮಾಡುವುದು ಇದನ್ನು.

ಇದು ಗೋಡೆ ಜಿಗಿತಕ್ಕಿಂತ ಬಹಳ ಬಿಗಿ. ಕಂಬ ಹಿಡಿಸುವುದು ಟೈಲ್‌ನ (16 ಪಿಕ್ಸೆಲ್‌ನ ಚೌಕದ) ಮಧ್ಯದ ಕಿರಿದಾದ ಪಟ್ಟಿ ಮಾತ್ರ. ಅಲ್ಲಿಗೆ ಬದಿಯ ಬಿಂದು ತಲುಪಬೇಕಾದರೆ ಪಾದ ಇಟ್ಟಿಗೆಯೊಳಗೆ ಹಲವು ಪಿಕ್ಸೆಲ್ ಹೋಗಿರಬೇಕು. ಅಷ್ಟರಲ್ಲಿ ಪಾದ ಮೇಲಿನ 5 ಪಿಕ್ಸೆಲ್‌ಗಳಲ್ಲಿ ಸಿಕ್ಕರೆ ಮೇಲೆ ಎತ್ತಿ 160ಕ್ಕೆ ಕೂರಿಸುತ್ತದೆ, ಕೆಳಗೆ ಸಿಕ್ಕರೆ ಹೊರಗೆ ತಳ್ಳುತ್ತದೆ. ಕೊನೆಯ ಕೆಲವು ಫ್ರೇಮ್‌ಗಳಲ್ಲಿ ಎಡ ಒತ್ತಿ ವೇಗದ ಚಿಹ್ನೆಯನ್ನು ಬದಲಿಸುವ ಆಟ ಇರುವುದು ಇದಕ್ಕೇ. ಕೈಯಿಂದ ಒಂದೊಂದನ್ನೇ ಪ್ರಯತ್ನಿಸುವ ಬದಲು ಕೊನೆಯ ಜಿಗಿತದ ಫ್ರೇಮ್, ಎ ಹಿಡಿದ ಅವಧಿ, ಎಡ ಒತ್ತಿದ ಫ್ರೇಮ್ ಈ ಮೂರನ್ನು ಬದಲಿಸುತ್ತ ಹೋಗುವ ಪುಟ್ಟ ಲುವಾ ಸ್ಕ್ರಿಪ್ಟ್ (ಎಮ್ಯುಲೇಟರ್ ಒಳಗೇ ಓಡುವ ಪ್ರೋಗ್ರಾಂ) ಬರೆಯಿರಿ. 001ಡಿ 3 ಆದಾಗ 00ಸಿಇ 162 ಅಥವಾ ಹೆಚ್ಚಿದ್ದರೆ ಸ್ಕ್ರಿಪ್ಟ್ ನಿಲ್ಲಲಿ. ಒಂದೂ ಸಿಗದಿದ್ದರೆ ಹಂತದ ಆರಂಭದ ಸಬ್‌ಪಿಕ್ಸೆಲ್ ಬದಲಿಸಿ ಮತ್ತೆ ಓಡಿಸಿ.

ಸಿಂಕ್ ಹೋಗುವುದೇಕೆ

1-1ರಲ್ಲಿ ಒಂದು ಗುಂಪು ಉಳಿಸಿದಿರಿ, 8-3ರ ಹಳೆಯ ಸಾಲುಗಳನ್ನು ಅಂಟಿಸಿದಿರಿ, ಮಾರಿಯೊ ಶತ್ರು ಎಸೆದ ಸುತ್ತಿಗೆಗೆ ಸಿಕ್ಕಿ ಸತ್ತ. ಇದು ಎಮ್ಯುಲೇಟರ್‌ನ ದೋಷವಲ್ಲ. ಆಟದ ಯಾದೃಚ್ಛಿಕ ಸಂಖ್ಯೆಗಳು 07ಎ7ರಿಂದ ಶುರುವಾಗುವ 7 ಬೈಟ್‌ಗಳಿಂದ ಬರುತ್ತವೆ. ಆನ್ ಮಾಡಿದಾಗ ಮೊದಲ ಬೈಟ್‌ಗೆ ಯಾವಾಗಲೂ 165 ಬೀಳುತ್ತದೆ, ಅಲ್ಲಿಂದ ಫ್ರೇಮಿಗೊಮ್ಮೆ ಸರಿಯುತ್ತವೆ. ಹಂತಗಳು 21ರ ಲೆಕ್ಕದಲ್ಲೇ ಆರಂಭವಾಗುವುದರಿಂದ, ಹಂತದ ಶುರುವಿನಲ್ಲಿ ಸಂಖ್ಯೆ ಏನಿರುತ್ತದೆ ಎಂಬುದನ್ನು ನಿರ್ಧರಿಸುವುದು ಅದುವರೆಗೆ ಕಳೆದ ಗುಂಪುಗಳ ಎಣಿಕೆ ಮಾತ್ರ. ಒಂದು ಗುಂಪು ಕಡಿಮೆಯಾದರೆ ಮುಂದಿನ ಸುತ್ತಿಗೆಯವರು, ಬುಲೆಟ್ ಬಿಲ್‌ಗಳು (ಹಾರುವ ಗುಂಡುಗಳು), 8-4ರ ಕೊನೆಯ ಶತ್ರು ಬೌಸರ್ ಎಲ್ಲ ಬೇರೆ ರೀತಿ ವರ್ತಿಸುತ್ತಾರೆ. ಹಾಗಾಗಿ ಹಂತಗಳನ್ನು ಓಟದ ಕ್ರಮದಲ್ಲೇ ಮುಗಿಸುತ್ತ ಬನ್ನಿ; ಶತ್ರುಗಳಿಂದ ತೊಂದರೆ ಇಲ್ಲದ ಹಂತದ ಸಾಲುಗಳನ್ನು ಮಾತ್ರ ಮರುಬಳಸಬಹುದು. ಬೌಸರ್‌ನ ವರ್ತನೆ ಕೆಟ್ಟದಾಗಿ ಬಂದರೆ 8-4ರ ಒಳಗೇ ಬೇರೆ ಫ್ರೇಮ್‌ನಲ್ಲಿ ತಲುಪುವ ದಾರಿ ಹುಡುಕಿ. ಹಿಂದಿನ ಹಂತದಲ್ಲಿ ಕಾದರೆ 21 ಫ್ರೇಮ್ ದಂಡ.

ಫೈಲ್ ಬಗ್ಗೆ ಒಂದು ಮಾತು. ಎಫ್‌ಸಿಇಯುಎಕ್ಸ್ ಬಟನ್‌ಗಳನ್ನು ಉಳಿಸುವ ಎಫ್‌ಎಂ2 ಫೈಲ್ ಸಾದಾ ಪಠ್ಯ, ಫ್ರೇಮಿಗೊಂದು ಸಾಲು. ನೋಟ್‌ಪ್ಯಾಡ್‌ನಲ್ಲೇ ತೆರೆದು ಎರಡು ಯತ್ನಗಳನ್ನು ಹೋಲಿಸಬಹುದು. ಸೇವ್‌ಸ್ಟೇಟ್‌ನಿಂದಲ್ಲ (ಆಟದ ನಡುವೆ ಉಳಿಸಿಟ್ಟ ಸ್ಥಿತಿ), ಪವರ್ ಆನ್‌ನಿಂದಲೇ ರೆಕಾರ್ಡಿಂಗ್ ಶುರುವಾಗಿರಬೇಕು, ಇಲ್ಲದಿದ್ದರೆ ಟ್ಯಾಸ್‌ಗಳನ್ನು ಪ್ರಕಟಿಸುವ ಟ್ಯಾಸ್‌ವಿಡಿಯೋಸ್‌ನಂಥ ತಾಣ ಅದನ್ನು ಸ್ವೀಕರಿಸುವುದಿಲ್ಲ.

ಸಮಯ ಹೋಲಿಸುವಾಗಲೂ ಎಚ್ಚರ. ಹ್ಯಾಪಿಲೀ ಹೆಸರಿನ ಆಟಗಾರ 2011ರಲ್ಲಿ ಮಾಡಿದ ಟ್ಯಾಸ್‌ನ ಸಮಯ 4:57.31, ನಿಫ್ಟ್‌ಸ್ಕಿ ಎಂಬ ಇನ್ನೊಬ್ಬ ಆಟಗಾರ 2021ರಲ್ಲಿ ಕೈಯಾರೆ ಆಡಿದ್ದು 4:54.948. ಕೈ ಟ್ಯಾಸನ್ನು ಸೋಲಿಸಿತೆಂದು ಅರ್ಥವಲ್ಲ. ಟ್ಯಾಸ್‌ನ ಲೆಕ್ಕ ಪವರ್ ಆನ್‌ನಿಂದ ಕೊನೆಯ ಬಟನ್‌ವರೆಗೆ, ಕೈ ಓಟದ್ದು ಮಾರಿಯೊ ಹತೋಟಿಗೆ ಬಂದಲ್ಲಿಂದ ಕೊಡಲಿ ಮುಟ್ಟುವವರೆಗೆ. ಆ ಎರಡನೆಯ ಅಳತೆಯಲ್ಲಿ ಟ್ಯಾಸ್‌ನ ಸಮಯ ಆ ಕೈ ಓಟಕ್ಕಿಂತ ಕಡಿಮೆಯೇ ಬರುತ್ತದೆ. ನಿಮ್ಮ ಫೈಲ್‌ನ ಫ್ರೇಮ್ ಸಂಖ್ಯೆಯನ್ನು 60.0988ರಿಂದ ಭಾಗಿಸಿ ಮೊದಲನೆಯ ಅಳತೆಯೊಂದಿಗೆ ಹೋಲಿಸಿ: ಆ 2011ರ ಓಟ 17868 ಫ್ರೇಮ್.